ಗದಗಿನ ಕಥೆಗೆ ಎಐ ಅನಿಮೇಷನ್: ಯಾವುದು ಸುಲಭ ಆಯ್ತು, ಯಾವುದು ಆಗಿಲ್ಲ

2026ರ ಫೆಬ್ರವರಿಯಲ್ಲಿ ಹತ್ತು ದಿನದೊಳಗೆ ಎರಡು ಸುದ್ದಿ ಬಂದವು. ಒಂದನೇ ತಾರೀಖಿನ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಅನಿಮೇಷನ್, ವಿಎಫ್‌ಎಕ್ಸ್ (ಕಂಪ್ಯೂಟರಿನಲ್ಲಿ ಮಾಡುವ ದೃಶ್ಯ ಪರಿಣಾಮ), ಗೇಮಿಂಗ್, ಕಾಮಿಕ್ಸ್ ಕ್ಷೇತ್ರಕ್ಕೆ 2030ರ ಹೊತ್ತಿಗೆ 20 ಲಕ್ಷ ಜನ ಬೇಕಾಗುತ್ತಾರೆ ಎಂದಿತು. ಅದಕ್ಕಾಗಿ 15,000 ಪ್ರೌಢಶಾಲೆ, 500 ಕಾಲೇಜುಗಳಲ್ಲಿ ಲ್ಯಾಬ್ ಮಾಡುವ ಯೋಜನೆ ಮುಂದಿಟ್ಟಿತು. ಹತ್ತನೇ ತಾರೀಖಿಗೆ ಅದೇ ಸರ್ಕಾರ ಐಟಿ ನಿಯಮ ತಿದ್ದಿ, ಎಐನಿಂದ ತಯಾರಾದ ವಿಡಿಯೊ, ಆಡಿಯೊಗೆ ಲೇಬಲ್ ಬೇಕು ಎಂದಿತು.

ಎರಡನ್ನೂ ಒಟ್ಟಿಗೆ ಓದಿದವರಿಗೆ ತಲೆಬುಡ ಅರ್ಥ ಆಗದೆ ಇದ್ದರೆ ತಪ್ಪಿಲ್ಲ. ಮೊಬೈಲ್‌ನಲ್ಲಿ ನಾಲ್ಕು ಸಾಲು ಬರೆದರೆ ಕಾರ್ಟೂನ್ ಎದ್ದು ಓಡಾಡುತ್ತದೆ ಅಂದ ಮೇಲೆ, ಹುಬ್ಬಳ್ಳಿಯಲ್ಲಿ ಪಿಯುಸಿ ಮುಗಿಸಿದ ಹುಡುಗಿ ಅನಿಮೇಷನ್ ಕೋರ್ಸಿಗೆ ಯಾಕೆ ದುಡ್ಡು ಕಟ್ಟಬೇಕು? ಹಾವೇರಿಯಲ್ಲಿ ಕೂತು ಕನಕದಾಸರ ಮೇಲೆ ಮೂರು ನಿಮಿಷದ ಅನಿಮೇಷನ್ ಮಾಡಿದವನು ಅದಕ್ಕೆ ಲೇಬಲ್ ಹಾಕಬೇಕಾ, ಬೇಡವಾ? ಆ ಸಿನಿಮಾ ಅವನದೇನಾ? ಒಂದೊಂದಾಗಿ ನೋಡೋಣ.

ಎಂಟು ಸೆಕೆಂಡಿನ ತುಣುಕುಗಳು

ಓಪನ್‌ಎಐ ಕಂಪನಿ 2024ರ ಫೆಬ್ರವರಿಯಲ್ಲಿ, ಬರೆದಿದ್ದನ್ನು ವಿಡಿಯೊ ಮಾಡಿಕೊಡುವ ಸೋರಾ ಎಂಬ ಟೂಲ್ ತೋರಿಸಿದಾಗ ಅದು ಬರೀ ಪ್ರದರ್ಶನ. ಜನರ ಕೈಗೆ ಬಂದಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಚೀನಾದ ಕ್ಲಿಂಗ್ ಬಂದಿತ್ತು, ರನ್‌ವೇ ಮೊದಲೇ ಇತ್ತು. 2025ರ ಮೇ ತಿಂಗಳಲ್ಲಿ ಗೂಗಲ್‌ನ ವಿಯೋ 3 ಬಂತು. ಅದರಲ್ಲಿ ಚಿತ್ರದ ಜೊತೆಗೆ ಮಾತು, ಹಿನ್ನೆಲೆ ಸದ್ದು ಕೂಡ ತಾನಾಗಿಯೇ ಬರುತ್ತಿತ್ತು, ಆದರೆ ಒಂದು ಸಲಕ್ಕೆ ಎಂಟು ಸೆಕೆಂಡ್ ಮಾತ್ರ.

ನಮ್ಮ ಕಡೆ ಇದು ಹಬ್ಬಿದ್ದಕ್ಕೆ ಕಾರಣ ಬೇರೆ. ವಿಯೋ ಸಿಗುವ, ತಿಂಗಳಿಗೆ 1,950 ರೂಪಾಯಿ ಇದ್ದ ಗೂಗಲ್ ಎಐ ಪ್ಲಾನನ್ನು 2025ರ ಅಕ್ಟೋಬರ್ ಕೊನೆಯಲ್ಲಿ ಜಿಯೊ ತನ್ನ ಗ್ರಾಹಕರಿಗೆ 18 ತಿಂಗಳು ಉಚಿತ ಎಂದಿತು, ಮೊದಲು 18ರಿಂದ 25 ವಯಸ್ಸಿನವರಿಗೆ, ಆಮೇಲೆ ಉಳಿದವರಿಗೆ. ಅಲ್ಲಿಯವರೆಗೆ ಕ್ರೆಡಿಟ್ ಕಾರ್ಡ್ ಇದ್ದವರ ಆಟವಾಗಿದ್ದು ಶಿಗ್ಗಾಂವಿಯ ಕಾಲೇಜು ಹುಡುಗರ ಕೈಗೂ ಬಂತು.

ಈಗ ಲೆಕ್ಕ ಹಾಕಿ. ಮೂರು ನಿಮಿಷದ ಸಿನಿಮಾ ಅಂದರೆ 180 ಸೆಕೆಂಡ್. ಸೆಕೆಂಡಿಗೆ 24 ಫ್ರೇಮ್ (ಪರದೆ ಮೇಲೆ ಓಡುವ ಬಿಡಿ ಚಿತ್ರ), ಒಟ್ಟು 4,320. ಎರಡು ಫ್ರೇಮಿಗೆ ಒಂದೇ ಚಿತ್ರ ಇಡುವ ರೂಢಿ ಇರುವುದರಿಂದ 2,160 ಚಿತ್ರ ಬಿಡಿಸಬೇಕು. ಒಬ್ಬರೇ ದಿನಕ್ಕೆ 15 ಮುಗಿಸಿದರೂ 144 ದಿನ, ಅದೂ ಬಣ್ಣ, ಹಿನ್ನೆಲೆ, ಧ್ವನಿ ಬಿಟ್ಟು. ಈ 144 ದಿನದ ಕೆಲಸ ಈಗ ಬೇಕಾಗಿಲ್ಲ ಅನ್ನುವುದೇ ಎಐನ ದೊಡ್ಡ ಸುದ್ದಿ. ಅದು ನಿಜ, ಸಣ್ಣ ವಿಷಯವೂ ಅಲ್ಲ.

ಆದರೆ ಇನ್ನೊಂದು ಲೆಕ್ಕವೂ ಇದೆ. ಒಂದು ಶಾಟ್ ನಾಲ್ಕು ಸೆಕೆಂಡ್ ಅಂದುಕೊಂಡರೆ 45 ಶಾಟ್ ಬೇಕು. ಒಂದೇ ಸಲಕ್ಕೆ ಸರಿಯಾದ ಶಾಟ್ ಸಿಗುವುದು ಕಡಿಮೆ. ಒಂದರಲ್ಲಿ ಮುಖ ಬದಲಾಗಿರುತ್ತದೆ, ಇನ್ನೊಂದರಲ್ಲಿ ಕೈಗೆ ಆರು ಬೆರಳು, ಮತ್ತೊಂದರಲ್ಲಿ ಎಡಗಡೆ ಇದ್ದ ಕೊಡ ಬಲಗಡೆಗೆ ಬಂದಿರುತ್ತದೆ. ಶಾಟಿಗೆ ಆರು ಪ್ರಯತ್ನ ಅಂತ ಹಿಡಿದರೆ 270 ಕ್ಲಿಪ್. ಉಚಿತ ಪ್ಲಾನ್‌ನಲ್ಲಿ ದಿನಕ್ಕೆ ಮೂರು ಸಿಕ್ಕರೆ 90 ದಿನ ಬೇಕು. ಬೇಗ ಬೇಕಾದರೆ ಕ್ರೆಡಿಟ್ (ಕ್ಲಿಪ್ ಮಾಡಿಸಲು ದುಡ್ಡು ಕೊಟ್ಟು ಪಡೆಯುವ ಪಾಯಿಂಟ್) ಕೊಳ್ಳಬೇಕು, ಹಾಳಾದ ಕ್ಲಿಪ್ಪಿಗೂ ಕ್ರೆಡಿಟ್ ಕಟ್ ಆಗುತ್ತದೆ. ಅದಕ್ಕೇ ಸ್ಟೋರಿಬೋರ್ಡ್ (ಶಾಟುಗಳ ಚಿತ್ರಪಟ್ಟಿ) ಇಲ್ಲದೆ ಸುಮ್ನೆ ಪ್ರಾಂಪ್ಟ್, ಅಂದರೆ ಏನು ಬೇಕು ಅಂತ ಎಐಗೆ ಬರೆಯುವ ಸಾಲು, ಹಾಕುತ್ತಾ ಕೂತವರ ಖರ್ಚು ಏರುತ್ತದೆ. ಮೊದಲೇ ಕಾಗದದ ಮೇಲೆ ಶಾಟ್ ಬಿಡಿಸಿ, ಆ ಚಿತ್ರಗಳನ್ನೇ ಜೋಡಿಸಿ ಸಮಯ ನೋಡಿಕೊಂಡವರ ಖರ್ಚು ಇಳಿಯುತ್ತದೆ. ಸಿನಿಮಾ ಕಟ್ಟುವ ಹಳೆಯ ಶಿಸ್ತಿಗೆ ಹೊಸ ಟೂಲಿನಲ್ಲಿ ಬೆಲೆ ಜಾಸ್ತಿ ಆಗಿದೆ, ಕಡಿಮೆ ಆಗಿಲ್ಲ.

ರೊಟ್ಟಿ ಬಡಿ ಅಂದರೆ ಲಟ್ಟಣಿಗೆ ಹಿಡಿಯುತ್ತದೆ

ಗದಗ-ಬೆಟಗೇರಿಯ ಒಬ್ಬ ಅಜ್ಜಿ ಮುಂಜಾನೆ ಒಲೆ ಮುಂದೆ ಕೂತು ಜೋಳದ ರೊಟ್ಟಿ ಮಾಡುವ ಶಾಟ್ ಬೇಕು ಅಂತ ಇಟ್ಟುಕೊಳ್ಳಿ. ಪ್ರಾಂಪ್ಟ್ ಬರೆದರೆ ಎಐ ಸಾಮಾನ್ಯವಾಗಿ ಕೊಡುವುದು ಏನು? ಅಜ್ಜಿಯ ಕೈಯಲ್ಲಿ ಲಟ್ಟಣಿಗೆ, ಮಣೆ ಮೇಲೆ ಗೋಧಿ ಬಣ್ಣದ ಹಿಟ್ಟು, ಪೂರಿಯಂತೆ ಗುಂಡಗೆ ಉಬ್ಬಿದ ಚಪಾತಿ. ಉಟ್ಟ ಸೀರೆ ಎಲ್ಲಿಯದು ಅಂತ ಹೇಳಲಿಕ್ಕೆ ಬರುವುದಿಲ್ಲ, ಸೆರಗು ಮಾತ್ರ ಉತ್ತರ ಭಾರತದ ಧಾರಾವಾಹಿಯವರ ಥರ ಇರುತ್ತದೆ. ನೋಡಲಿಕ್ಕೆ ಚೆಂದ. ನಮ್ಮ ಕಡೆಯವರು ನೋಡಿದರೆ ಎರಡನೇ ಸೆಕೆಂಡಿಗೇ ಸುಳ್ಳು ಅಂತ ಗೊತ್ತಾಗುತ್ತದೆ.

ಜೋಳದ ಹಿಟ್ಟಿಗೆ ಗೋಧಿಯ ಅಂಟು ಇಲ್ಲ, ಎಳೆದರೆ ಹರಿಯುತ್ತದೆ. ಅದಕ್ಕೇ ಕುದಿಯುವ ನೀರು ಹಾಕಿ ನಾದಿ, ಅಂಗೈಯಿಂದ ಬಡಿಯುತ್ತಾ, ಬಡಿಯುತ್ತಲೇ ತಿರುಗಿಸುತ್ತಾ ಅಗಲ ಮಾಡುತ್ತಾರೆ. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಆ ಬಡಿತದ ಸದ್ದೇ ಆ ಶಾಟಿನ ಜೀವ. ಎಐಗೆ ಇದು ಯಾಕೆ ಗೊತ್ತಿಲ್ಲ ಅಂದರೆ, ಅದು ಕಲಿತಿದ್ದು ಅಂತರ್ಜಾಲದಲ್ಲಿ ಸಿಕ್ಕ ಕೋಟಿಗಟ್ಟಲೆ ಚಿತ್ರ, ವಿಡಿಯೊ ಮತ್ತು ಅವುಗಳ ಜೊತೆಗಿದ್ದ ವಿವರಣೆಗಳಿಂದ. ವಿವರಣೆ ಹೆಚ್ಚಾಗಿ ಇಂಗ್ಲಿಷಿನದು. ಅಲ್ಲಿ ಭಾರತದ ಹೆಂಗಸು ರೊಟ್ಟಿ ಮಾಡುವ ಚಿತ್ರಗಳಲ್ಲಿ ಬಹುಪಾಲು ಚಪಾತಿಯವು. ಯಾವುದು ಜಾಸ್ತಿ ಇದೆಯೋ ಅದರ ಕಡೆಗೆ ಎಐ ಮಾದರಿ (ಮಾಡೆಲ್) ವಾಲುತ್ತದೆ. ತಪ್ಪು ರೊಟ್ಟಿಯ ವಿಡಿಯೊಗಳನ್ನೇ ನಾವು ಎಲ್ಲ ಕಡೆ ಹಾಕುತ್ತಾ ಹೋದರೆ ಮುಂದಿನ ಮಾದರಿ ಅವುಗಳಿಂದಲೂ ಕಲಿಯಬಹುದು. ಆಗ ತಪ್ಪು ಇನ್ನೂ ಗಟ್ಟಿ ಆಗುತ್ತದೆ.

ಕಸೂತಿಯ ವಿಷಯ ಇದಕ್ಕಿಂತ ಕಷ್ಟ. ಧಾರವಾಡ ಕಡೆಯ ಕಸೂತಿ ಎಳೆ ಎಣಿಸಿ ಹಾಕುವ ಕೆಲಸ. ಗವಂತಿ ಹೊಲಿಗೆಯಲ್ಲಿ ಗಂಟು ಕಾಣುವುದಿಲ್ಲ, ಬಟ್ಟೆಯ ಎರಡೂ ಬದಿ ಒಂದೇ ಥರ ಇರುತ್ತದೆ. ಗೋಪುರ, ತೇರು, ಆನೆ ಎಲ್ಲವೂ ಎಳೆಗಳ ಲೆಕ್ಕದ ಮೇಲೆ ನಿಂತಿವೆ. ಎಐ ಎಣಿಸುವುದಿಲ್ಲ. ಒಂದು ಮಬ್ಬು ಚಿತ್ರವನ್ನು ಹಂತ ಹಂತವಾಗಿ ತಿಳಿ ಮಾಡುತ್ತಾ, ಇಲ್ಲಿ ಯಾವ ಬಣ್ಣ ಬರಬಹುದು ಅಂತ ಅಂದಾಜು ಮಾಡುತ್ತಾ ಹೋಗುತ್ತದೆ. ಹಾಗಾಗಿ ದೂರದಿಂದ ಕಸೂತಿ ಥರ ಕಾಣುವ ಹೂಬಳ್ಳಿ ಬರುತ್ತದೆ, ಹತ್ತಿರ ಹೋದರೆ ತೇರಿಗೆ ಚಕ್ರ ಇರುವುದಿಲ್ಲ. ಮುಂದಿನ ಶಾಟಿನಲ್ಲಿ ಅದೇ ಸೀರೆಯ ಮೇಲೆ ಬೇರೆ ವಿನ್ಯಾಸ. ಅಂಗಡಿ ಬೋರ್ಡಿನ ಕನ್ನಡದ ಕಥೆಯೂ ಹೀಗೇ: ಒತ್ತಕ್ಷರ ಬಂದ ಕಡೆ ಅಕ್ಷರ ಕಲಸಿಹೋಗುತ್ತದೆ, ಹುಬ್ಬಳ್ಳಿ ಅಂತ ಬರೆಯಲಿಕ್ಕೇ ಎರಡು ಒತ್ತು ಬೇಕಲ್ವಾ.

ದಾರಿ ಇದೆ. ಬರೀ ಪದಗಳನ್ನು ಕೊಡುವ ಬದಲು ರೆಫರೆನ್ಸ್ ಚಿತ್ರ ಕೊಡಬೇಕು. ಅಜ್ಜಿಯ ಪಾತ್ರವನ್ನು ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಒಬ್ಬ ಕಲಾವಿದ ಬಿಡಿಸಿಕೊಡುವುದು, ನಿಜವಾದ ಅಡುಗೆಮನೆಯ, ನಿಜವಾದ ಇಳಕಲ್ ಸೆರಗಿನ ಫೋಟೊ ತೆಗೆಯುವುದು, ಶಾಟಿನ ಮೊದಲ ಫ್ರೇಮ್ ಮತ್ತು ಕೊನೆಯ ಫ್ರೇಮ್ ಎರಡನ್ನೂ ನಾವೇ ಕೊಟ್ಟು ನಡುವಿನದನ್ನು ಮಾತ್ರ ಎಐಗೆ ಬಿಡುವುದು. ಬೋರ್ಡ್ ಖಾಲಿ ಇಟ್ಟು ಎಡಿಟಿಂಗ್‌ನಲ್ಲಿ ಕನ್ನಡ ಫಾಂಟ್ ಕೂರಿಸುವುದು. ರೊಟ್ಟಿ ಬಡಿಯುವುದನ್ನು ಮೊಬೈಲಿನಲ್ಲಿ ಶೂಟ್ ಮಾಡಿ ಅದರ ಚಲನೆಯ ಮೇಲೆ ಕಾರ್ಟೂನ್ ರೂಪ ಹಾಕುವುದು. ಇವೆಲ್ಲ ಈಗಿನ ಟೂಲ್‌ಗಳಲ್ಲೇ ಆಗುತ್ತವೆ. ಆದರೆ ಇದಕ್ಕೆ ಚಿತ್ರ ಬಿಡಿಸಲು ಬರುವವರು ಬೇಕು, ರೊಟ್ಟಿ ಬಡಿಯಲು ಬರುವವರೂ ಬೇಕು.

ಧಾರವಾಡದ ಮಾತು ಯಾರ ಬಾಯಲ್ಲಿ?

ಎಐ ಧ್ವನಿಗಳು ಈಗ ಕನ್ನಡ ಓದುತ್ತವೆ, ಪುಸ್ತಕದ ಕನ್ನಡವನ್ನು ಸ್ಪಷ್ಟವಾಗಿಯೇ ಓದುತ್ತವೆ. ಆದರೆ 'ಏನ್ ಮಾಡಾಕತ್ತೀರಿ, ಬರ್ರಿ, ಕುಂದರ್ರಿ' ಅಂತ ಬರೆದು ಕೊಟ್ಟರೆ ಅಕ್ಷರ ನಮ್ಮದು, ರಾಗ ಬೆಂಗಳೂರಿನ ಸುದ್ದಿ ವಾಚಕರದು. ಎಲ್ಲಿ ಎಳೆಯಬೇಕು, ಎಲ್ಲಿ ಕಡಿಯಬೇಕು ಅನ್ನುವುದು ಬರವಣಿಗೆಯಲ್ಲಿ ಇರುವುದಿಲ್ಲ, ಕಲಿಯಲಿಕ್ಕೆ ಬೇಕಾದ ರೆಕಾರ್ಡಿಂಗ್ ಕೂಡ ಕಡಿಮೆ.

ಈ ಒಂದು ವಿಷಯದಲ್ಲಿ ಉಳಿತಾಯ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 1950ರಲ್ಲಿ ಶುರುವಾದ ಆಕಾಶವಾಣಿ ಕೇಂದ್ರ ಧಾರವಾಡದಲ್ಲಿದೆ, ರಂಗಾಯಣ ಇದೆ, ಗದಗ-ಹುಬ್ಬಳ್ಳಿಯಲ್ಲಿ ನಾಟಕ ಕಂಪನಿಗಳ ಪರಂಪರೆ ಇದೆ. ಮಾತು ಆಡಲು ಬರುವ ಜನ ಕಾಲ್ನಡಿಗೆಯ ದೂರದಲ್ಲಿ ಇರುವಾಗ ಯಂತ್ರದ ಬಾಯಿಂದ ಯಾಕೆ ಹೇಳಿಸಬೇಕು? ಮೂರು ನಿಮಿಷದ ಚಿತ್ರಕ್ಕೆ ಇಬ್ಬರು ಕಲಾವಿದರ ಡಬ್ಬಿಂಗ್ ಅರ್ಧ ದಿನದ ಕೆಲಸ. ಧ್ವನಿ ಮೊದಲು ರೆಕಾರ್ಡ್ ಮಾಡಿಕೊಂಡು, ಅದಕ್ಕೆ ಪಾತ್ರದ ತುಟಿ ಚಲನೆ (ಲಿಪ್ ಸಿಂಕ್) ಹೊಂದಿಸಿದರೆ ಶಾಟುಗಳ ಉದ್ದವೂ ಮೊದಲೇ ತೀರ್ಮಾನ ಆಗುತ್ತದೆ, ಕ್ರೆಡಿಟ್ ಉಳಿಯುತ್ತದೆ.

ಇನ್ನೊಂದು ಆಸೆ ಇದೆ, ಅದು ಅಪಾಯದ್ದು. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ ಇವರ ಧ್ವನಿಯನ್ನು ಎಐನಿಂದ ಮತ್ತೆ ಹುಟ್ಟಿಸಿ ಹಿನ್ನೆಲೆಗೆ ಹಾಕೋಣ ಅನ್ನುವ ಆಸೆ. ಬದುಕಿರುವ ಗಾಯಕರ ವಿಷಯದಲ್ಲಿ ಬಾಂಬೆ ಹೈಕೋರ್ಟ್ 2024ರಲ್ಲೇ ಅರಿಜಿತ್ ಸಿಂಗ್ ಪರವಾಗಿ, ಅನುಮತಿ ಇಲ್ಲದ ಧ್ವನಿ ನಕಲಿಗೆ ತಡೆ ಕೊಟ್ಟಿದೆ. ತೀರಿಕೊಂಡವರ ವಿಷಯದಲ್ಲಿ ಕಾನೂನು ಸಡಿಲ. ವ್ಯಕ್ತಿತ್ವದ ಹಕ್ಕು, ಅಂದರೆ ತನ್ನ ಹೆಸರು, ಮುಖ, ಧ್ವನಿಯ ಮೇಲಿನ ಹಕ್ಕು, ವ್ಯಕ್ತಿಯ ಜೊತೆಗೇ ಮುಗಿಯುತ್ತದೆ ಎಂಬ ನಿಲುವನ್ನು ದೆಹಲಿ ಹೈಕೋರ್ಟ್ 2023ರಲ್ಲಿ ಸುಶಾಂತ್ ಸಿಂಗ್ ರಜಪೂತ್ ಪ್ರಕರಣದಲ್ಲಿ ತಳೆಯಿತು. ಆದರೂ 2024ರಲ್ಲಿ ಎ.ಆರ್. ರಹಮಾನ್ ತೀರಿಕೊಂಡ ಇಬ್ಬರು ಗಾಯಕರ ಧ್ವನಿ ಬಳಸುವಾಗ ಕುಟುಂಬದವರ ಒಪ್ಪಿಗೆ ಪಡೆದು ಹಣ ಕೊಟ್ಟರು. ಅದೇ ಸರಿಯಾದ ದಾರಿ. ಕಾನೂನು ತಡೆಯದೆ ಇರಬಹುದು, ಆದರೆ ಹುಬ್ಬಳ್ಳಿ-ಧಾರವಾಡದಲ್ಲಿ ಆ ಕುಟುಂಬಗಳು, ಆ ಶಿಷ್ಯರು ಇನ್ನೂ ನಮ್ಮ ನಡುವೆಯೇ ಇದ್ದಾರೆ.

ಕಥೆ ಯಾರದ್ದು, ಸಿನಿಮಾ ಯಾರದ್ದು

ಜಾಸ್ತಿ ಜನ ಎಡವುವುದು ಇಲ್ಲಿ. ಭಾರತದಲ್ಲಿ ಲೇಖಕ ತೀರಿದ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಕುಮಾರವ್ಯಾಸ, ಕನಕದಾಸ, ಸರ್ವಜ್ಞ, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರು ಎಲ್ಲರಿಗೂ ಮುಕ್ತ. 1942ರಲ್ಲಿ ತೀರಿದ ಕಾದಂಬರಿಕಾರ ಗಳಗನಾಥರೂ ಮುಕ್ತ. ಬೇಂದ್ರೆಯವರು ತೀರಿದ್ದು 1981ರಲ್ಲಿ, ಹಾಗಾಗಿ 2041ರ ಕೊನೆಯವರೆಗೆ ಅವರ ಕವಿತೆಗೆ ಅನುಮತಿ ಬೇಕು. ಅಷ್ಟೇ ಅಲ್ಲ, ಶರೀಫರ ಪದ ಮುಕ್ತ ಅಂದ ಮಾತ್ರಕ್ಕೆ ಸಿ. ಅಶ್ವಥ್ ಹಾಕಿದ ರಾಗ ಮುಕ್ತ ಅಲ್ಲ, ಆ ಕ್ಯಾಸೆಟ್‌ನ ರೆಕಾರ್ಡಿಂಗ್ ಅಂತೂ ಅಲ್ಲವೇ ಅಲ್ಲ. ಪದ ತೆಗೆದುಕೊಂಡು ಹೊಸ ರಾಗ ಹಾಕಿ, ಇಲ್ಲಾ ಊರಿನ ಭಜನಾ ಮೇಳದವರಿಂದ ಪರಂಪರೆಯ ಮಟ್ಟಿನಲ್ಲಿ ಹಾಡಿಸಿ.

ಇನ್ನು ಮಾಡಿದ ಸಿನಿಮಾ. ನಮ್ಮ 1957ರ ಕಾಯ್ದೆಯಲ್ಲಿ ಕಂಪ್ಯೂಟರ್‌ನಿಂದ ತಯಾರಾದ ಕಲಾಕೃತಿಗೆ, ಅದು ತಯಾರಾಗಲು ಕಾರಣನಾದ ವ್ಯಕ್ತಿಯೇ ಕರ್ತೃ ಅಂತ ಒಂದು ಸಾಲು ಇದೆ. 1994ರ ತಿದ್ದುಪಡಿಯಲ್ಲಿ ಸೇರಿದ್ದು, ಈಗಿನ ಎಐ ಕಲ್ಪನೆಯೂ ಇಲ್ಲದ ಕಾಲದ್ದು. ಸಿನಿಮಾಕ್ಕೆ ನಿರ್ಮಾಪಕನೇ ಕರ್ತೃ. ಇದನ್ನು ಹಿಡಿದು ಒಂದು ಪಕ್ಷ, ಪ್ರಾಂಪ್ಟ್ ಹಾಕಿದವನಿಗೇ ಹಕ್ಕು ಎನ್ನುತ್ತದೆ. ಅಮೆರಿಕದ ಕಾಪಿರೈಟ್ ಆಫೀಸ್ 2025ರ ಜನವರಿಯಲ್ಲಿ ಇದಕ್ಕೆ ಉಲ್ಟಾ ಹೇಳಿತು: ಬರೀ ಪ್ರಾಂಪ್ಟ್ ಸಾಲದು, ಮನುಷ್ಯ ತಾನೇ ಮಾಡಿದ ಭಾಗಕ್ಕೆ ಮತ್ತು ಜೋಡಣೆಗೆ ಮಾತ್ರ ರಕ್ಷಣೆ. ಹಾಗಾಗಿ ಕೈಯಿಂದ ಬಿಡಿಸಿದ ಸ್ಕೆಚ್, ಬರೆದ ಸಂಭಾಷಣೆ, ರೆಕಾರ್ಡ್ ಮಾಡಿದ ಧ್ವನಿ, ಎಡಿಟ್ ಫೈಲ್ ಇವನ್ನೆಲ್ಲ ತಾರೀಖಿನ ಸಮೇತ ಇಟ್ಟುಕೊಳ್ಳುವುದು ಜಾಣತನ. ನಾಳೆ ಯಾರಾದರೂ ನಿಮ್ಮ ಚಿತ್ರ ಎತ್ತಿಕೊಂಡರೆ ಸಾಕ್ಷಿಗೆ ಬೇಕಾಗುವುದು ಅವೇ.

ಹಿಂದಿರುವ ದೊಡ್ಡ ಜಗಳ ತೀರಿಲ್ಲ. ಈ ಮಾದರಿಗಳನ್ನು ಕಲಾವಿದರ ಚಿತ್ರಗಳ ಮೇಲೆ ಕೇಳದೆ ತರಬೇತಿ ಮಾಡಿದ್ದು ಕಳ್ಳತನ ಅನ್ನುವವರು ಒಂದು ಕಡೆ. 2025ರ ಜೂನ್‌ನಲ್ಲಿ ಡಿಸ್ನಿ ಮತ್ತು ಯೂನಿವರ್ಸಲ್ ಕಂಪನಿಗಳು ಎಐ ಚಿತ್ರ ಮಾಡಿಕೊಡುವ ಮಿಡ್‌ಜರ್ನಿ ಕಂಪನಿ ಮೇಲೆ ಕೇಸ್ ಹಾಕಿದವು. ವಿಚಿತ್ರ ಅಂದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಡಿಸ್ನಿ ತನ್ನ ಪಾತ್ರಗಳನ್ನು ಬಳಸಲು ಓಪನ್‌ಎಐಗೆ ಲೈಸೆನ್ಸ್ ಕೊಡುವ ಒಪ್ಪಂದ ಘೋಷಿಸಿತು. ದೊಡ್ಡವರು ಕೋರ್ಟಿಗೂ ಹೋಗಬಲ್ಲರು, ಒಪ್ಪಂದವನ್ನೂ ಮಾಡಬಲ್ಲರು. ಧಾರವಾಡದ ಒಬ್ಬ ಚಿತ್ರಕಾರನಿಗೆ ಎರಡೂ ಆಗುವುದಿಲ್ಲ. ಕೇಂದ್ರದ ಒಂದು ಸಮಿತಿ 2025ರ ಡಿಸೆಂಬರ್‌ನಲ್ಲಿ, ತರಬೇತಿಗೆ ಎಲ್ಲರ ಕೃತಿ ಬಳಸಲು ಕಡ್ಡಾಯ ಲೈಸೆನ್ಸ್ (ಕರ್ತೃ ಬೇಡ ಅನ್ನಲು ಬಾರದ ಅನುಮತಿ) ಇರಲಿ, ಬದಲಿಗೆ ಎಐ ಕಂಪನಿಗಳು ರಾಯಲ್ಟಿ ಕಟ್ಟಲಿ ಅಂತ ಸಲಹೆ ಕೊಟ್ಟಿತು. ಅದು ಕಾನೂನಾದರೂ ಆ ದುಡ್ಡು ಸಂಘಗಳ ಮೂಲಕ ಹಂಚಿಕೆ ಆಗಬೇಕು. ಹೆಸರು ನೋಂದಾಯಿಸದ ಕಸೂತಿ ಕೆಲಸದವರಿಗೆ, ಜಾನಪದ ಹಾಡುಗಾರರಿಗೆ ಅದು ಹೇಗೆ ತಲುಪೀತು ಅನ್ನುವುದೇ ಚಿಂತೆ.

ಲೇಬಲ್ ಹಾಕಬೇಕಾ?

2026ರ ಫೆಬ್ರವರಿ 20ರಿಂದ ನಿಯಮ ಜಾರಿಯಲ್ಲಿದೆ. ಕರಡಿನಲ್ಲಿ ಪರದೆಯ ಹತ್ತನೇ ಒಂದು ಭಾಗದಷ್ಟು ಲೇಬಲ್ ಇರಬೇಕು ಎಂದಿತ್ತು, ಅಂತಿಮ ನಿಯಮದಲ್ಲಿ ಆ ಅಳತೆ ಬಿಟ್ಟು, ಎದ್ದು ಕಾಣುವಂತೆ ಇರಲಿ ಎಂದಿದ್ದಾರೆ. ಮುಖ್ಯ ವಿಷಯ ವ್ಯಾಖ್ಯೆಯಲ್ಲಿದೆ. ನಿಜ ಅಂತ ಕಾಣುವ, ನಿಜವಾದ ವ್ಯಕ್ತಿ ಅಥವಾ ಘಟನೆಯಿಂದ ಬೇರೆ ಮಾಡಿ ನೋಡಲಾಗದಂಥ ವಿಡಿಯೊ, ಆಡಿಯೊಗೆ ಇದು ಅನ್ವಯ. ಹಾಗಾಗಿ ಯಾರು ನೋಡಿದರೂ ಕಾರ್ಟೂನ್ ಅಂತ ಗೊತ್ತಾಗುವ ಚಿತ್ರ ಇದರ ಹೊರಗೆ ಉಳಿಯುತ್ತದೆ ಅಂತಲೇ ಓದಬಹುದು. ಯೂಟ್ಯೂಬ್ ಕೂಡ 2024ರ ಮಾರ್ಚ್‌ನಿಂದ ನೈಜವಾಗಿ ಕಾಣುವ ಎಐ ವಿಡಿಯೊಗೆ ಘೋಷಣೆ ಕೇಳುತ್ತಿದೆ, ಸ್ಪಷ್ಟವಾಗಿ ಅನಿಮೇಷನ್ ಆಗಿರುವುದಕ್ಕೆ ಕೇಳುವುದಿಲ್ಲ.

ಆದರೆ ಅದೇ ಕಾರ್ಟೂನಿನಲ್ಲಿ ಬದುಕಿರುವ ರಾಜಕಾರಣಿಯ ನಕಲಿ ಧ್ವನಿ ಹಾಕಿದರೆ ಆ ಧ್ವನಿ ನಿಯಮದ ಒಳಗೆ ಬರುತ್ತದೆ. ಸರ್ಕಾರ ಅಥವಾ ಕೋರ್ಟ್ ಆದೇಶ ಬಂದರೆ ತೆಗೆಯಲು ಜಾಲತಾಣಗಳಿಗೆ ಮೊದಲು 36 ಗಂಟೆ ಇತ್ತು, ಈಗ ಮೂರೇ ಗಂಟೆ. ಅಷ್ಟು ಕಡಿಮೆ ಸಮಯದಲ್ಲಿ ಯಾರೂ ಕೂತು ವಿಚಾರ ಮಾಡುವುದಿಲ್ಲ, ಮೊದಲು ತೆಗೆಯುತ್ತಾರೆ. ವ್ಯಂಗ್ಯಚಿತ್ರ ಮಾಡುವವರ ಆತಂಕ ಇದೇ, ಅದರಲ್ಲಿ ಹುರುಳಿದೆ. ಟೈಟಲ್ ಕಾರ್ಡ್‌ನಲ್ಲಿ ಎಐ ಬಳಸಿದ್ದೇವೆ, ಧ್ವನಿ ಇಂಥವರದ್ದು ಅಂತ ಒಂದು ಸಾಲು ಹಾಕಿದರೆ ನಷ್ಟ ಏನೂ ಇಲ್ಲ, ಹಾಕುವುದೇ ಒಳ್ಳೆಯದು.

ಕೆಲಸ ಹೋಗುತ್ತಾ?

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. 2025ರ ಫೆಬ್ರವರಿಯಲ್ಲಿ ವಿಎಫ್‌ಎಕ್ಸ್, ಅನಿಮೇಷನ್ ಕಂಪನಿ ಟೆಕ್ನಿಕಲರ್ ಮುಚ್ಚಿ ಬೆಂಗಳೂರು ಮತ್ತು ಮುಂಬೈ ಸೇರಿ ಸುಮಾರು 3 ಸಾವಿರ ಜನ ಬೀದಿಗೆ ಬಂದಾಗ ಎಲ್ಲರೂ ಎಐನಿಂದ ಎಂದರು. ಅದು ಮುಳುಗಿದ್ದು ಮಾತೃ ಕಂಪನಿಯ ಹಣದ ಮುಗ್ಗಟ್ಟಿನಿಂದ. ಆದರೆ ಅವರಿಗೆ ಹೊಸ ಕೆಲಸ ಸಿಗುವುದು ಕಷ್ಟ ಆಗಿದ್ದರಲ್ಲಿ ಎಐ ಪಾಲು ಇಲ್ಲ ಅನ್ನಲೂ ಆಗುವುದಿಲ್ಲ.

ಎಐ ಮೊದಲು ತಿನ್ನುವುದು ಕೆಳಗಿನ ಮೆಟ್ಟಿಲನ್ನು. ಎರಡು ಮುಖ್ಯ ಚಿತ್ರಗಳ ನಡುವಿನ ಚಿತ್ರ ಬಿಡಿಸುವುದು, ಬಣ್ಣ ತುಂಬುವುದು, ಹಿನ್ನೆಲೆ ಕತ್ತರಿಸುವುದು ಇವೇ ಹೊಸಬರ ಕೆಲಸಗಳಾಗಿದ್ದವು. ಹುಬ್ಬಳ್ಳಿಯಿಂದ ಕೋರ್ಸ್ ಮುಗಿಸಿ ಬೆಂಗಳೂರಿಗೆ ಹೋದವರು ಸೇರುತ್ತಿದ್ದುದೂ ಇದೇ ಕೆಲಸಗಳಿಗೆ. ಎರಡು ವರ್ಷ ಅದನ್ನು ಮಾಡುತ್ತಲೇ ಚಲನೆಯ ಲೆಕ್ಕ, ತೂಕ, ಸಮಯ ಕೈಗೆ ಹತ್ತುತ್ತಿತ್ತು. ಆ ಮೆಟ್ಟಿಲೇ ಇಲ್ಲದಿದ್ದರೆ ಮೇಲಿನ ಕೆಲಸಕ್ಕೆ ಬೇಕಾದ ಕಣ್ಣು ಎಲ್ಲಿಂದ ಬರಬೇಕು? ಎಐ ಪರವಾಗಿರುವವರು, ಈಗ ಹೊಸಬರು ನೇರ ನಿರ್ದೇಶಕರಾಗಬಹುದು ಎನ್ನುತ್ತಾರೆ. ಕೆಲವರಿಗೆ ಅದು ನಿಜ. 2025ರಲ್ಲಿ ಕರ್ನಾಟಕದಲ್ಲೇ ಒಂದು ಸಣ್ಣ ತಂಡ ಸುಮಾರು 10 ಲಕ್ಷ ರೂಪಾಯಿಯಲ್ಲಿ ಪೂರ್ತಿ ಎಐನಿಂದ ಕನ್ನಡ ಚಿತ್ರ ಮಾಡಿ ಯು/ಎ ಸರ್ಟಿಫಿಕೇಟ್ ಪಡೆಯಿತು. ಆದರೆ ಅದೇ ವರ್ಷ ಅನಿಮೇಷನ್ ಆಸ್ಕರ್ ಗೆದ್ದದ್ದು ಲಾಟ್ವಿಯಾದ ಒಂದು ಸಣ್ಣ ತಂಡ, ಬ್ಲೆಂಡರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ. ಕಡಿಮೆ ಖರ್ಚಿಗೆ ಎಐ ಒಂದೇ ದಾರಿ ಅಲ್ಲ.

ಇನ್ನೊಂದು ಪರಿಣಾಮ ಈಗಾಗಲೇ ಕಾಣುತ್ತಿದೆ. ನೀತಿಕಥೆ, ಅತ್ತೆ-ಸೊಸೆ ಕಾರ್ಟೂನ್‌ಗಳನ್ನು ಎಐನಿಂದ ದಿನಕ್ಕೆ ಹತ್ತು ಹಾಕುವ ಚಾನೆಲ್‌ಗಳು ಹೆಚ್ಚಿದವು. ಯೂಟ್ಯೂಬ್ 2025ರ ಜುಲೈನಲ್ಲಿ, ಒಂದೇ ಅಚ್ಚಿನಲ್ಲಿ ರಾಶಿ ರಾಶಿ ಮಾಡಿದ ವಿಡಿಯೊಗೆ ಹಣ ಇಲ್ಲ ಅಂತ ತನ್ನ ನೀತಿಯನ್ನು ಸ್ಪಷ್ಟ ಮಾಡಿತು. ಎಐ ಬಳಸಿದ್ದಕ್ಕೆ ಅಲ್ಲ, ಒಂದರಂತೆ ಇನ್ನೊಂದು ಇದ್ದುದಕ್ಕೆ. ಬೇಗ ದುಡ್ಡು ಮಾಡೋಣ ಅಂತ ಹೊರಟವರಿಗೆ ಮೊದಲು ಪೆಟ್ಟು ಬೀಳುತ್ತದೆ.

ಲ್ಯಾಬ್‌ನಲ್ಲಿ ಏನು ಕಲಿಸುತ್ತಾರೆ

ಹಾಗಾಗಿ ಕೋರ್ಸ್ ಸೇರಬೇಕಾ ಅನ್ನುವುದಕ್ಕೆ ಉತ್ತರ ಆ ಕೋರ್ಸಿನ ಪಾಠಪಟ್ಟಿಯಲ್ಲಿದೆ. ಬರೀ ಸಾಫ್ಟ್‌ವೇರ್ ಬಟನ್ ಕಲಿಸುವ ಕೋರ್ಸಿಗೆ ದುಡ್ಡು ಕಟ್ಟುವುದು ಬೇಡ, ಬರೀ ಪ್ರಾಂಪ್ಟ್ ಕಲಿಸುವ ಮೂರು ತಿಂಗಳ ಕೋರ್ಸಿಗಂತೂ ಬೇಡವೇ ಬೇಡ. ಆರು ತಿಂಗಳಿಗೊಮ್ಮೆ ಮಾದರಿ ಬದಲಾಗುತ್ತದೆ, ಇವತ್ತಿನ ಪ್ರಾಂಪ್ಟ್ ಚಾಲಾಕಿ ನಾಳೆ ಬೇಕಾಗುವುದಿಲ್ಲ. ಸ್ಕೆಚ್, ಸ್ಟೋರಿಬೋರ್ಡ್, ಎಡಿಟಿಂಗ್, ಧ್ವನಿ ಇವನ್ನು ಕಲಿಸಿ, ಅದರ ಜೊತೆಗೆ ಎಐ ಇಟ್ಟುಕೊಂಡ ಕಡೆ ಸೇರಬಹುದು.

ಬಜೆಟ್‌ನ ಲ್ಯಾಬ್‌ಗಳು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಗೆ ಬಂದಾಗಲೂ ಕೇಳಬೇಕಾದ್ದು ಇದನ್ನೇ. ಮುಂಬೈಯಲ್ಲಿ ತಯಾರಾದ ಪಾಠವನ್ನು ಹಾಗೇ ಇಳಿಸಿದರೆ ಮಕ್ಕಳು ಮತ್ತೆ ಲಟ್ಟಣಿಗೆ ಹಿಡಿದ ಅಜ್ಜಿಯನ್ನೇ ಮಾಡುತ್ತಾರೆ. ಧಾರವಾಡದ ಲ್ಯಾಬ್‌ನಲ್ಲಿ ಕಸೂತಿ ಹಾಕುವವರು ಒಂದು ದಿನ ಬಂದು ಎಳೆ ಎಣಿಸಿ ತೋರಿಸಲಿ, ಬ್ಯಾಡಗಿಯ ಶಾಲೆಯ ಮಕ್ಕಳು ಮಾರುಕಟ್ಟೆಗೆ ಹೋಗಿ ಸುಕ್ಕು ಸುಕ್ಕಾದ ಮೆಣಸಿನಕಾಯಿಯ ಫೋಟೊ ತೆಗೆದು ತಮ್ಮದೇ ರೆಫರೆನ್ಸ್ ಸಂಗ್ರಹ ಮಾಡಲಿ. ಮಾತಿನ ರೆಕಾರ್ಡಿಂಗ್ ಮಾಡುವುದಾದರೆ ಕೊಟ್ಟವರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ: ಯಾವ ಕೆಲಸಕ್ಕೆ, ಎಷ್ಟು ವರ್ಷಕ್ಕೆ, ಎಐ ತರಬೇತಿಗೆ ಕೊಡಬಹುದಾ ಇಲ್ಲವಾ, ದುಡ್ಡು ಎಷ್ಟು. ಇದನ್ನು ಇವತ್ತು ಬರೆಸಿಕೊಳ್ಳದಿದ್ದರೆ ಮೂರು ವರ್ಷ ಬಿಟ್ಟು ಅದೇ ಕಲಾವಿದರ ಧ್ವನಿ ಯಾವುದೋ ಆ್ಯಪಿನಲ್ಲಿ ಜಾಹೀರಾತು ಹೇಳುತ್ತಿದ್ದಾಗ ಕೇಳಲು ಕಾಗದವೇ ಇರುವುದಿಲ್ಲ.